‘ನ್ಯೂಜಿಲೆಂಡ್ ಬಿಳಿ’ ಮೊಲ ನ್ಯೂಜಿಲೆಂಡಿನದೇ?

ಸಂತೆಯಲ್ಲಿ ಒಂದು ಜೊತೆ ಬಿಳಿ ಮೊಲ ಕೊಂಡಿದ್ದೀರಿ. ಮಾರಿದವನು ‘ನ್ಯೂಜಿಲೆಂಡಿನಿಂದ ಬಂದ ತಳಿ’ ಎಂದನಂತೆ. ಅದು ನಿಜವೇ, ನಮ್ಮ ಹೊಲದ ಮೊಲಗಳ ಜೊತೆ ಇವು ಕೂಡುತ್ತವೆಯೇ ಎಂಬುದು ನಿಮ್ಮ ಪ್ರಶ್ನೆ. ಹಿತ್ತಲಿನಲ್ಲಿ ಆರೇಳು ವರ್ಷ ಇದೇ ತಳಿಯನ್ನು ಸಾಕಿದವನು ನಾನು. ಮೊದಮೊದಲು ನಾನೂ ಬಂದವರಿಗೆಲ್ಲ ಅದೇ ಕಥೆ ಹೇಳುತ್ತಿದ್ದೆ. ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುತ್ತಾರಲ್ಲ, ಹಾಗೆ.

ಈ ತಳಿ ಹುಟ್ಟಿದ್ದು ಅಮೆರಿಕದಲ್ಲಿ. ಮೊದಲು ಬಂದದ್ದು ‘ನ್ಯೂಜಿಲೆಂಡ್ ಕೆಂಪು’, 1910ರ ದಶಕದ ಆರಂಭದಲ್ಲಿ. 1917ರ ಸುಮಾರಿಗೆ ಕ್ಯಾಲಿಫೋರ್ನಿಯಾದ ಪ್ರೆಶಾ ಎಂಬ ಸಾಕಣೆದಾರನ ಕೆಂಪು ಮೊಲಗಳ ಸೂಲಿನಲ್ಲಿ ಕೆಲವು ಅಚ್ಚ ಬಿಳಿ ಮರಿಗಳು ಕಾಣಿಸಿಕೊಂಡವು. ಆತ ಅವನ್ನು ಬೇರೆಯಾಗಿಟ್ಟು ಬೆಳೆಸಿದ. ಬಿಳಿ ತುಪ್ಪಳಕ್ಕೆ ಬೇಕಾದ ಬಣ್ಣ ಹಾಕಬಹುದಾದ್ದರಿಂದ ಚರ್ಮದ ವ್ಯಾಪಾರಿಗಳಿಗೂ ಅದೇ ಹಿಡಿಸಿತು. ಇನ್ನು ನ್ಯೂಜಿಲೆಂಡಿನ ವಿಷಯ: ಅಲ್ಲಿ ಮೂಲದಲ್ಲಿ ಮೊಲವೇ ಇರಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಯುರೋಪಿನವರು ತಂದು ಬಿಟ್ಟ ಮೊಲಗಳು ಹುಲ್ಲುಗಾವಲನ್ನೆಲ್ಲ ಬೋಳಿಸಿದವು. 1997ರಲ್ಲಿ ಅಲ್ಲಿನ ಕೆಲವು ರೈತರು ಕಾನೂನು ಮೀರಿ, ಮೊಲಗಳನ್ನು ಕೊಲ್ಲುವ ವೈರಸ್ಸನ್ನೇ ಹರಡಿದರು. ಇಂಥ ದೇಶದ ಹೆಸರು ಹೊತ್ತು ಈ ಮೊಲ ಜಗತ್ತೆಲ್ಲ ಸುತ್ತುತ್ತಿದೆ!

ಹೊಲದ ಮೊಲದ ಜೊತೆ ಕೂಡುವ ಮಾತೇ ಇಲ್ಲ. ಕನ್ನಡದಲ್ಲಿ ಎರಡಕ್ಕೂ ಮೊಲ ಎಂದೇ ಹೆಸರಿರುವುದರಿಂದ ಈ ಗೊಂದಲ. ಸಾಕುಮೊಲಗಳೆಲ್ಲ ಸ್ಪೇನ್, ಪೋರ್ಚುಗಲ್ ಕಡೆಯ, ಬಿಲ ತೋಡುವ ಕಾಡುಮೊಲದ ವಂಶ. ಅವುಗಳ ವರ್ಣತಂತುಗಳು 44. ಕತ್ತಿನ ಹಿಂದೆ ಕಪ್ಪು ಮಚ್ಚೆಯಿರುವ ನಮ್ಮ ಹೊಲದ ಮೊಲದವು 48, ಅದು ಬೇರೆಯೇ ಕುಲ. ಅದು ಬಿಲ ತೋಡುವುದಿಲ್ಲ, ಹುಲ್ಲಿನ ಮರೆಯಲ್ಲೇ ಮರಿ ಹಾಕುತ್ತದೆ. ಮರಿಗಳಿಗೆ ಹುಟ್ಟುವಾಗಲೇ ಕೂದಲಿರುತ್ತದೆ, ಕಣ್ಣು ತೆರೆದಿರುತ್ತದೆ. ನಿಮ್ಮ ಮೊಲದ ಮರಿಗಳಾದರೋ ಬೆತ್ತಲೆಯಾಗಿ ಹುಟ್ಟುತ್ತವೆ, ಕಣ್ಣು ಬಿಡಲು ಹತ್ತು ದಿನ ಬೇಕು.

ಇನ್ನು ಲಕ್ಷಣ. ಬಿಳಿ ಮೈ, ಕೆಂಪು ಕಣ್ಣು ಇದ್ದಮಾತ್ರಕ್ಕೆ ಈ ತಳಿಯೆಂದು ನಂಬಬೇಡಿ. ಬಣ್ಣದ ಅಂಶವೇ ಇಲ್ಲದ ಯಾವ ಮೊಲವೂ ಹಾಗೇ ಇರುತ್ತದೆ; ಕಣ್ಣಿನ ಕೆಂಪು ಒಳಗಿನ ರಕ್ತನಾಳಗಳದ್ದು. ಮೈಕಟ್ಟು ನೋಡಿ: ಅಗಲವಾದ ಬೆನ್ನು, ತುಂಬಿದ ಹಿಂತೊಡೆ, ದಪ್ಪನೆಯ ನೆಟ್ಟಗಿನ ಕಿವಿ. ತುಪ್ಪಳವನ್ನು ಬಾಲದ ಕಡೆಯಿಂದ ತಲೆಯ ಕಡೆಗೆ ಸವರಿ ಕೈ ಬಿಟ್ಟರೆ ಕೂದಲು ತಟ್ಟನೆ ಮೊದಲಿನಂತೆ ಮಲಗಬೇಕು. ಬೆಳೆದ ಗಂಡು ನಾಲ್ಕರಿಂದ ಐದು ಕಿಲೋ ತೂಗುತ್ತದೆ, ಹೆಣ್ಣು ಅದಕ್ಕಿಂತ ಅರ್ಧ ಕಿಲೋ ಹೆಚ್ಚು. ಹೆಣ್ಣಿನ ಗದ್ದದ ಕೆಳಗೆ ದನದ ಗಂಗೆದೊಗಲಿನಂತೆ ಮಡಿಕೆ ಜೋಲುತ್ತದೆ, ಗಡ್ಡೆಯೆಂದು ಗಾಬರಿಯಾಗಬೇಡಿ.

ಸ್ವಭಾವ ಬಹಳ ಸಾಧು. ಆ ಸಾಧುತನವೇ ಅದಕ್ಕೆ ಮುಳುವಾಯಿತು ಎನ್ನಬೇಕು. 1944ರಲ್ಲಿ ಡ್ರೈಜ್ ಎಂಬ ಅಮೆರಿಕದ ವಿಜ್ಞಾನಿ ಮತ್ತವನ ಸಂಗಡಿಗರು ವಿವರಿಸಿದ, ಮೊಲದ ಕಣ್ಣಿಗೆ ರಾಸಾಯನಿಕ ಹಾಕಿ ಉರಿ ಅಳೆಯುವ ಪರೀಕ್ಷೆಗೆ ಪ್ರಯೋಗಾಲಯಗಳು ಹೆಚ್ಚಾಗಿ ಬಳಸಿದ್ದು ಇದೇ ಬಿಳಿ ತಳಿಯನ್ನು. ನನಗೆ ಅದನ್ನು ಓದಿದ ದಿನ ಗೂಡಿನ ಹತ್ತಿರ ಹೋಗಲು ಮನಸ್ಸಾಗಲಿಲ್ಲ.

ಗಬ್ಬ 31 ದಿನ. ಹೆಣ್ಣು ಎದೆಯ ಕೂದಲು ಕಿತ್ತು ಹಾಸಿಗೆ ಮಾಡಿತೆಂದರೆ ಮರಿ ಬರುವ ಹೊತ್ತು. ಅದು ದಿನಕ್ಕೆ ಒಂದೆರಡು ಬಾರಿ, ಕೆಲವೇ ನಿಮಿಷ ಹಾಲೂಡುತ್ತದೆ; ತಾಯಿ ಮರಿಗಳನ್ನು ಬಿಟ್ಟಿತೆಂದು ತಿಳಿದು ಸಿರಿಂಜು ಹಿಡಿದು ಓಡಬೇಡಿ, ನಾನು ಓಡಿದ್ದೆ. ತನ್ನದೇ ಮೆತ್ತನೆಯ ಹಿಕ್ಕೆಯನ್ನು ತಿನ್ನುವುದೂ ರೋಗವಲ್ಲ. ಹುಲ್ಲಿನ ಸಾರವನ್ನು ಎರಡನೆಯ ಬಾರಿ ಹೀರುವ ಉಪಾಯ ಅದು.

ನಿಜವಾಗಿ ಅಂಜಬೇಕಾದದ್ದು ಸೆಖೆಗೆ. ಒಂದು ಏಪ್ರಿಲ್‌ನಲ್ಲಿ ತಗಡಿನ ಮಾಡಿನ ಕೆಳಗೆ ಗೂಡಿಟ್ಟು ಒಳ್ಳೆಯ ಗಂಡೊಂದನ್ನು ಕಳೆದುಕೊಂಡೆ, ತಪ್ಪು ಪೂರ್ತಿ ನನ್ನದೇ. ಮೊಲ ಬೆವರುವುದಿಲ್ಲ, ಹೆಚ್ಚಾಗಿ ಕಿವಿಯಿಂದಲೇ ಬಿಸಿ ಹೊರಹಾಕುತ್ತದೆ. ಪಾದರಸ ಮೂವತ್ತು ಡಿಗ್ರಿ ದಾಟಿದ ಮೇಲೆ ಗಂಡಿನ ಫಲವತ್ತತೆಯೂ ಕುಗ್ಗುತ್ತದೆ. ಗೂಡನ್ನು ಮರದ ನೆರಳಿಗೆ ಸರಿಸಿ, ಮಧ್ಯಾಹ್ನ ಒದ್ದೆ ಗೋಣಿತಾಟು ಇಳಿಬಿಡಿ, ಕುಡಿಯುವ ನೀರು ತಪ್ಪಿಸಬೇಡಿ. ಎಂಟು ತಿಂಗಳಾದಾಗ ಎರಡನ್ನೂ ತಕ್ಕಡಿಗೆ ಹಾಕಿ. ಎರಡೂವರೆ ಕಿಲೋದಲ್ಲೇ ನಿಂತಿದ್ದರೆ ನಿಮಗೆ ಸಿಕ್ಕಿದ್ದು ಬೆರಕೆ ಮೊಲ.