ಏಳು ಕಾಲ ಇದೆ, ಕೆಲಸ ಮುಗಿಯಿತೋ ಇಲ್ಲವೋ?

ಸಕಲೇಶಪುರದ ಗೆಳೆಯರಿಗೆ,

ನಿಮ್ಮ ಕಥೆಯನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಸುಮ್ನೆ 'ಚೆನ್ನಾಗಿದೆ, ಮುಂದೆ ನೋಡೋಣ' ಅಂದರೆ ನಿಮಗೇನೂ ಸಿಗುವುದಿಲ್ಲ. ಅದಕ್ಕೇ ಕಾರಣ ಬರೆಯುತ್ತಿದ್ದೇನೆ.

ಘಾಟಿಯ ಕೆಳಗಿನ ಒಂದು ಕಾಲ್ಪನಿಕ ಊರಿಗೆ ನೀವೇ ಒಂದು ಭಾಷೆ ಕಟ್ಟಿದ್ದೀರಿ. ಕ್ರಿಯಾಪದಕ್ಕೆ ಏಳು ಕಾಲ: ಇವತ್ತಿನ ಭೂತ, ನಿನ್ನೆಯ ಭೂತ, ಅಜ್ಜನ ಕಾಲದ ಭೂತ, ಹೀಗೆ. ತಪ್ಪೇನಲ್ಲ. ಆಫ್ರಿಕಾದ ಎಷ್ಟೋ ಬಂಟು ಭಾಷೆಗಳಲ್ಲಿ ಹತ್ತಿರದ ಭೂತಕ್ಕೊಂದು, ದೂರದ್ದಕ್ಕೊಂದು ರೂಪ ಇದೆ. ಆದರೆ ನಿಮ್ಮ ಏಳೂ 'ಯಾವಾಗ' ಅನ್ನುವುದನ್ನೇ ಹೇಳುತ್ತವೆ. ಕೆಲಸ ಮುಗಿಯಿತೋ, ಇನ್ನೂ ನಡೀತಾ ಇದೆಯೋ ಅನ್ನುವುದಕ್ಕೆ ಒಂದು ಪ್ರತ್ಯಯವೂ ಇಲ್ಲ. 1887ರಲ್ಲಿ ಬಂದ, ನಿಮ್ಮದರ ಹಾಗೇ ಕಟ್ಟಿದ ಭಾಷೆಯಾದ ಎಸ್ಪೆರಾಂಟೊದಲ್ಲಿ ಕಾಲಕ್ಕೆ ಮೂರೇ ಪ್ರತ್ಯಯ: ಆಸ್, ಇಸ್, ಓಸ್. ಮುಗಿದದ್ದಕ್ಕೆ 'ಇಂಟ್', ನಡೆಯುತ್ತಿರುವುದಕ್ಕೆ 'ಆಂಟ್' ಅಂತ ಬೇರೆಯೇ ಇಟ್ಟಿದ್ದಾರೆ.

ಅಷ್ಟು ದೂರ ಹೋಗುವುದೂ ಬೇಡ. ಮನೆ ಮಾತು ಕೇಳಿ. 'ಕಾಫಿ ಹೂ ಅರಳಿತು', 'ಅರಳ್ತಾ ಇತ್ತು', 'ಅರಳಿತ್ತು', 'ಅರಳಿಬಿಡ್ತು'. ನಾಲ್ಕೂ ಹಿಂದಿನದೇ. ಆದರೆ 'ಅರಳಿಬಿಡ್ತು' ಅಂದವನು, ಮಳೆ ಬೇಗ ಬಂತು, ರೋಬಸ್ಟಾ ಕಾಫಿ ಕುಯ್ಲು ಇನ್ನೂ ಬಾಕಿ ಅಂತ ತಲೆ ಮೇಲೆ ಕೈ ಹೊತ್ತು ಕೂತವನು. ಆ 'ಬಿಡು' ಯಾವಾಗ ಅಂತ ಹೇಳುವುದೇ ಇಲ್ಲ. ಕೈಮೀರಿತು ಅನ್ನುತ್ತದೆ.

ನಿಷೇಧಕ್ಕೂ ಏಳು ರೂಪ ಮಾಡಿದ್ದೀರಿ. ಹಳಗನ್ನಡದ ನಿಷೇಧಕ್ಕೆ ಕಾಲವೇ ಇರಲಿಲ್ಲ! 'ಮಾಡೆಂ' ಅಂದರೆ ಮಾಡಲಿಲ್ಲ, ಮಾಡುವುದಿಲ್ಲ, ಎರಡೂ. ಹಲ್ಮಿಡಿ ಶಾಸನ ಸಿಕ್ಕಿದ ಜಿಲ್ಲೆಯವರಿಗೆ ಇದನ್ನು ನಾನು ಹೇಳಬೇಕೇ?

ಮೂರು ಪುಟದ ಪ್ರತ್ಯಯ ಪಟ್ಟಿ ತೆಗೆದುಬಿಡಿ. ಓದುಗರು ಹಾರಿಸಿಕೊಂಡು ಹೋಗುತ್ತಾರೆ. ನಾನೂ ಹಾರಿಸಿದೆ.

ಹನ್ನೊಂದನೇ ಪುಟದ ಅಜ್ಜಿ ಮಾತ್ರ ಇನ್ನೂ ಕಣ್ಣ ಮುಂದೆ ಇದ್ದಾಳೆ. ಗಂಡ ಹೊಳೆ ಪಾಲಾಗಿ ವರ್ಷವಾಗಿದೆ. ಯಾರಾದರೂ ಕೇಳಿದರೆ ಅವಳು ನಿಮ್ಮ 'ಇವತ್ತಿನ ಭೂತ'ದಲ್ಲಿ ಉತ್ತರ ಕೊಡುತ್ತಾಳೆ. ಅದನ್ನು ನೀವು 'ಅವರು ಇವತ್ತು ಹೋದರು' ಅಂತ ಕನ್ನಡಕ್ಕೆ ತಂದಿದ್ದೀರಿ. ನಮ್ಮಲ್ಲಿ 'ಹೋದರು' ಅಂದರೆ ತೀರಿಕೊಂಡರು ಅಂತಲೂ ಆಗುತ್ತೆ, ಅಲ್ವಾ? ಅಜ್ಜಿಯ ಬಾಯಿಂದಲೇ ಗಂಡನನ್ನು ಸಾಯಿಸಿದ ಹಾಗಾಯಿತು. 'ತೋಟಕ್ಕೆ ಹೋಗಿದ್ದಾರೆ' ಅನ್ನಿಸಿ ನೋಡಿ. ಇನ್ನೂ ವಾಪಸ್ ಬರಬೇಕು ಅನ್ನುವುದು ಆ 'ಇದ್ದಾರೆ'ಯಲ್ಲೇ ಇದೆ. ನಿಮ್ಮ ಭಾಷೆಗೆ ಬೇಕಾದ ಪ್ರತ್ಯಯ ಇದೊಂದೇ. ಊರವರೆಲ್ಲ ಅವಳ ಗಂಡನ ಬಗ್ಗೆ ಮಾತಾಡುವಾಗ ಅದನ್ನು ಬಿಡಲಿ, ಅವಳು ಬಿಡದಿರಲಿ.

ಅಜ್ಜಿಯಿಂದಲೇ ಶುರು ಮಾಡಿ, ಮತ್ತೆ ಕಳಿಸಿ. ಎಂಟು ಪುಟಕ್ಕಿಂತ ಜಾಸ್ತಿ ಬೇಡ.

ಸಂಪಾದಕ, ಹಾಸನ