ವೇಲ್ ಶಾರ್ಕ್ ನೋಡಬೇಕಾ? ಮೊದಲು ತಿಂಗಳು ನೋಡಿ

ಪ್ರಶ್ನೆ: ನಾನು ಡೈವಿಂಗ್‌ನ ಮೊದಲ ಹಂತದ ಓಪನ್ ವಾಟರ್ ಕೋರ್ಸ್ ಮುಗಿಸಿದ್ದೇನೆ, ಸುಮಾರು ಇಪ್ಪತ್ತು ಡೈವ್ ಆಗಿದೆ. ಹೆಂಡತಿಗೆ ಈಜು ಬರುತ್ತದೆ, ಡೈವಿಂಗ್ ಗೊತ್ತಿಲ್ಲ. ಮುಂದಿನ ವರ್ಷ ಒಂದೇ ಪ್ರವಾಸದಲ್ಲಿ ವೇಲ್ ಶಾರ್ಕ್, ಅಗಲ ರೆಕ್ಕೆಯ ಚಪ್ಪಟೆ ಮೀನು ಮಾಂಟಾ ರೇ, ಸಾಧ್ಯವಾದರೆ ಸುತ್ತಿಗೆಯಂಥ ತಲೆಯ ಹ್ಯಾಮರ್‌ಹೆಡ್ ಶಾರ್ಕ್ ಕೂಡ ನೋಡುವ ಆಸೆ. ಗೆಳೆಯರೊಬ್ಬರು ಈಕ್ವೆಡಾರ್‌ನ ಗಲಾಪಗೋಸ್ ದ್ವೀಪಗಳಿಗೇ ಹೋಗಿ ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ಗಲಾಪಗೋಸ್ ಸದ್ಯಕ್ಕೆ ಬೇಡ. ನಿಮ್ಮ ಗೆಳೆಯರು ಹೇಳಿದ್ದು ಸುಳ್ಳೇನಲ್ಲ. ಅಲ್ಲಿನ ಡಾರ್ವಿನ್ ಮತ್ತು ವುಲ್ಫ್ ದ್ವೀಪಗಳ ಹತ್ತಿರ ಜೂನ್‌ನಿಂದ ನವೆಂಬರ್‌ವರೆಗೆ ಭಾರೀ ಗಾತ್ರದ ಹೆಣ್ಣು ವೇಲ್ ಶಾರ್ಕ್‌ಗಳು ಹಾದುಹೋಗುತ್ತವೆ. ಹ್ಯಾಮರ್‌ಹೆಡ್ ಹಿಂಡೂ ಸಿಗುತ್ತದೆ. ಆದರೆ ಅಲ್ಲಿ ಡೈವ್ ಮಾಡಬೇಕೆಂದರೆ ಲೈವ್‌ಅಬೋರ್ಡ್ ಹತ್ತಬೇಕು. ಅಂದರೆ ಊಟ, ನಿದ್ದೆ, ಡೈವ್ ಎಲ್ಲಾ ಹಡಗಿನಲ್ಲೇ. ನೀರು ತಣ್ಣಗೆ, ಸೆಳೆತ ಜೋರು. ಬಂಡೆ ಹಿಡಿದು ಕಾಯುತ್ತಾ ಕೂರಬೇಕು, ಶಾರ್ಕ್ ಕಂಡ ತಕ್ಷಣ ಕೈಬಿಟ್ಟು ತೆರೆದ ನೀರಿಗೆ ಈಜಬೇಕು. ಮೇಲೆ ಬಂದಮೇಲೆ ರಬ್ಬರ್ ದೋಣಿ ಹುಡುಕಿಕೊಂಡು ಬರುವವರೆಗೆ ಅಲೆಗಳ ಮಧ್ಯೆ ತೇಲುತ್ತಿರಬೇಕು. ಇಪ್ಪತ್ತು ಡೈವ್ ಆದವರ ಕಣ್ಣೆಲ್ಲಾ ಗಾಳಿಯ ಗೇಜ್ ಮೇಲೇ ಇರುತ್ತದೆ. ಪಕ್ಕದಲ್ಲಿ ಶಾರ್ಕ್ ಹೋದರೂ ಗೊತ್ತಾಗುವುದಿಲ್ಲ! ನಿಮ್ಮ ಹೆಂಡತಿಯಂತೂ ಹೆಚ್ಚು ಹೊತ್ತು ಡೆಕ್ ಮೇಲೇ ಕೂರಬೇಕಾಗುತ್ತದೆ.

ಇನ್ನೊಂದು ವಿಷಯ. ವೇಲ್ ಶಾರ್ಕ್ ನೋಡಲು ಸಾಮಾನ್ಯವಾಗಿ ಸಿಲಿಂಡರ್ ಬೇಕಾಗಿಯೇ ಇಲ್ಲ. ಅದು ಪ್ಲಾಂಕ್ಟನ್ (ನೀರಲ್ಲಿ ತೇಲುವ ಪುಟ್ಟ ಜೀವಿಗಳು), ಮೀನಿನ ಮೊಟ್ಟೆ ಸೋಸಿ ತಿನ್ನುವ ಪ್ರಾಣಿ. ಆ ಊಟ ಮೇಲ್ಮೈ ಹತ್ತಿರ ಜಾಸ್ತಿ ಇದ್ದಾಗ ಅದೂ ಮೇಲೇ ಇರುತ್ತದೆ. ಆಸ್ಟ್ರೇಲಿಯಾದ ನಿಂಗಲೂ, ಮೆಕ್ಸಿಕೊದ ಇಸ್ಲಾ ಮುಹೆರೆಸ್, ಫಿಲಿಪ್ಪೀನ್ಸ್‌ನ ಡಾನ್ಸೋಲ್, ಈ ಮೂರು ಕಡೆಯೂ ವೇಲ್ ಶಾರ್ಕ್ ಜೊತೆ ಸ್ನಾರ್ಕೆಲ್ ಮಾತ್ರ, ಅಂದರೆ ಬಾಯಲ್ಲಿ ಉಸಿರಿನ ಕೊಳವೆ ಇಟ್ಟು ಮೇಲ್ಮೈಯಲ್ಲಿ ಈಜುವುದು. ಸಿಲಿಂಡರ್ ಕಟ್ಟಿಕೊಂಡು ಮಾಡುವ ಸ್ಕೂಬಾ ಇಲ್ಲ. ಹಾಗಾಗಿ ನಿಮ್ಮ ಹೆಂಡತಿಗೆ ನಿಮಗಿಂತ ಏನೂ ಕಡಿಮೆ ಕಾಣಿಸುವುದಿಲ್ಲ.

ಜಾಗ ಆರಿಸುವ ಮೊದಲು ನಿಮಗೆ ಯಾವ ತಿಂಗಳು ರಜೆ ಸಿಗುತ್ತದೆ ನೋಡಿ. ನಿಂಗಲೂಗೆ ಮಾರ್ಚ್‌ನಿಂದ ಜುಲೈ. ಇಸ್ಲಾ ಮುಹೆರೆಸ್‌ಗೆ ಜುಲೈ, ಆಗಸ್ಟ್. ಆಫ್ರಿಕಾದ ಜಿಬೂಟಿಯ ತಾಜೂರಾ ಕೊಲ್ಲಿಗೆ ನವೆಂಬರ್‌ನಿಂದ ಜನವರಿ. ಅವಧಿ ತಪ್ಪಿದರೆ ಎಷ್ಟು ದುಡ್ಡು ಸುರಿದರೂ ಬರೀ ನೀರು.

ನಿಮ್ಮ ಜಾಗದಲ್ಲಿ ನಾನಿದ್ದರೆ ಸೆಪ್ಟೆಂಬರ್ ಹೊತ್ತಿಗೆ ಮಾಲ್ಡೀವ್ಸ್‌ಗೆ ಹೋಗುತ್ತಿದ್ದೆ. ಅಲ್ಲಿನ ಸೌತ್ ಆರಿ ಅಟಾಲ್ ಎಂಬ ಹವಳ ದ್ವೀಪಗಳ ಉಂಗುರದ ಹೊರ ಅಂಚಿನಲ್ಲಿ ವರ್ಷವಿಡೀ ವೇಲ್ ಶಾರ್ಕ್ ಇರುತ್ತವೆ. ಹೆಚ್ಚಿನವು ಇನ್ನೂ ಪೂರ್ತಿ ಬೆಳೆಯದ ಗಂಡುಗಳು, ಗಲಾಪಗೋಸ್‌ನ ಹೆಣ್ಣುಗಳಷ್ಟು ದೊಡ್ಡವಲ್ಲ. ನೀರಲ್ಲಿ ಎದುರಾದಾಗ ಅದು ಚಿಕ್ಕದು ಅಂತ ಯಾರಿಗೂ ಅನಿಸುವುದಿಲ್ಲ ಬಿಡಿ. ಧಿಗುರಾ ದ್ವೀಪದಲ್ಲಿ ಉಳಿದರೆ ಆ ಅಂಚು ಹತ್ತಿರ. ಆಮೇಲೆ ಬಾ ಅಟಾಲ್‌ನ ಹನಿಫರು ಕೊಲ್ಲಿ. ಜೂನ್‌ನಿಂದ ನವೆಂಬರ್‌ವರೆಗೆ ನೈಋತ್ಯ ಮಾರುತದ ಪ್ರವಾಹವೂ ಭರತವೂ ಸೇರಿ ಪ್ಲಾಂಕ್ಟನ್ ಅನ್ನು ಆ ಪುಟ್ಟ ಕೊಲ್ಲಿಗೆ ತಳ್ಳುತ್ತವೆ. ಮಾಂಟಾಗಳು ಬಾಯಿ ತೆರೆದು ಒಂದರ ಹಿಂದೆ ಒಂದು ಸಾಲಾಗಿ ಬರುತ್ತವೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಭರತ ಜೋರಾಗಿರುವುದರಿಂದ ಆ ದಿನಗಳನ್ನು ನೋಡಿ ಟಿಕೆಟ್ ಮಾಡಿ. ಅಲ್ಲೂ ಸ್ಕೂಬಾ ನಿಷಿದ್ಧ. ಡೈವ್ ಏನಿದ್ದರೂ ಬೇರೆ ಹವಳದ ದಿಬ್ಬಗಳಲ್ಲಿ ಮಾಡಿಕೊಳ್ಳಿ. ಹ್ಯಾಮರ್‌ಹೆಡ್ ಸ್ವಲ್ಪ ಕಾಯಲಿ, ಅಡ್ವಾನ್ಸ್‌ಡ್ ಕೋರ್ಸ್ ಮುಗಿಸಿ, ಸೆಳೆತದಲ್ಲಿ ನಾಲ್ಕಾರು ಡೈವ್ ಮಾಡಿದ ಮೇಲೆ ಆ ಮಾತು.

ನೀರು ಮಬ್ಬಾಗಿದೆ ಅಂತ ಬೇಜಾರಾಗಬೇಡಿ. ಆ ಮಬ್ಬೇ ಅವುಗಳ ಊಟ. ವೇಲ್ ಶಾರ್ಕ್ ಹತ್ತಿರ ಬರುವುದು ಮೊದಲು ಗೊತ್ತಾಗುವುದೇ ಇಲ್ಲ. ಹಸಿರು ನೀರಲ್ಲಿ ಬಿಳಿ ಚುಕ್ಕಿಗಳ ಸಾಲು ಕಾಣುತ್ತದೆ, ಆಮೇಲೆ ಅಗಲವಾದ ಬಾಯಿ, ಆಮೇಲೆ ಮುಗಿಯದ ಮೈ. ಆಗ ದಿಗಿಲಿಗೆ ಕಾಲು ಬಡಿಯುವವರೇ ಜಾಸ್ತಿ. ದೋಣಿಯಿಂದ ಧುಮುಕಬೇಡಿ, ಮೆಲ್ಲಗೆ ಜಾರಿ. ಬಾಯಿ ಎದುರು ಹೋಗಬೇಡಿ, ಎದೆಯ ರೆಕ್ಕೆಯ ನೇರಕ್ಕೆ ಪಕ್ಕದಲ್ಲಿ ಈಜಿ. ನಿಂಗಲೂ ನಿಯಮ ಮೈಯಿಂದ 3 ಮೀಟರ್, ಬಾಲದಿಂದ 4 ಮೀಟರ್ ದೂರ. ಅದನ್ನೇ ಎಲ್ಲೆಡೆ ಪಾಲಿಸಿ. ಮುಟ್ಟುವುದು, ಫ್ಲ್ಯಾಶ್ ಹಾಕುವುದು ಬೇಡ. ನೋಡಲು ಅದು ಸೋಮಾರಿ, ಜೊತೆಗೆ ಈಜಿದರೆ ಎರಡೇ ನಿಮಿಷಕ್ಕೆ ಏದುಸಿರು ಬರುತ್ತದೆ. ಹಾಗಾಗಿ ಇಬ್ಬರೂ ಈಗಿನಿಂದಲೇ ಕಾಲಿಗೆ ಫಿನ್ (ಈಜುರೆಕ್ಕೆ) ಹಾಕಿಕೊಂಡು ಈಜುವ ಅಭ್ಯಾಸ ಮಾಡಿ, ಮುಖಕ್ಕೆ ಸರಿಯಾಗಿ ಕೂರುವ ಸ್ವಂತ ಮಾಸ್ಕ್ ಕೊಳ್ಳಿ. ಕ್ಯಾಮೆರಾಗಿಂತ ಅದೇ ಮುಖ್ಯ. ಕ್ಯಾಮೆರಾ ಇದ್ದರೆ ಕಿವಿರಿನ ಹಿಂದಿನ ಎಡಭಾಗದ ಚಿತ್ರ ತೆಗೆಯಿರಿ. ಪ್ರತಿ ಶಾರ್ಕ್‌ಗೂ ಚುಕ್ಕಿಗಳ ಜೋಡಣೆ ಬೇರೆ, ಸಂಶೋಧಕರು ಅದರಿಂದಲೇ ಗುರುತು ಹಿಡಿಯುತ್ತಾರೆ.

ಪ್ರಶ್ನೆ: ಫಿಲಿಪ್ಪೀನ್ಸ್‌ನ ಓಸ್ಲೋಬ್‌ನಲ್ಲಿ ವೇಲ್ ಶಾರ್ಕ್ ಕಾಣುವುದು ಗ್ಯಾರಂಟಿ ಅನ್ನುತ್ತಾರೆ. ಅಲ್ಲಿಗೇ ಹೋದರೆ ಸುಲಭ ಅಲ್ವಾ?

ಉತ್ತರ: ಸುಲಭವೇನೋ ಹೌದು. ಅಲ್ಲಿ ದೋಣಿಯಿಂದ ಸೀಗಡಿ ಹಾಕಿ ಅವನ್ನು ಕರೆಸುತ್ತಾರೆ, ಅದಕ್ಕೇ ಗ್ಯಾರಂಟಿ. ದೋಣಿ ಅಂದರೆ ಊಟ ಅಂತ ಕಲಿತ ಪ್ರಾಣಿ, ಬೇರೆ ಕಡೆ ಪ್ರೊಪೆಲ್ಲರ್ ಇರುವ ದೋಣಿಯ ಹತ್ತಿರವೂ ಹಾಗೇ ಹೋಗುತ್ತದೆ. 2016ರಿಂದ ಅಳಿವಿನಂಚಿನ ಪಟ್ಟಿಯಲ್ಲಿರುವ ಜೀವಕ್ಕೆ ಈ ಅಭ್ಯಾಸ ಒಳ್ಳೆಯದಲ್ಲ. ಅದೇ ದೇಶದ ಡಾನ್ಸೋಲ್‌ನಲ್ಲಿ ತಿನ್ನಿಸುವುದಿಲ್ಲ. ಫೆಬ್ರವರಿಯಿಂದ ಮೇವರೆಗೆ ಹೋಗಬಹುದು, ಕಾಣದೆ ವಾಪಸಾಗಲೂಬಹುದು. ನಾನು ಡಾನ್ಸೋಲ್ ಅನ್ನೇ ಹೇಳುತ್ತೇನೆ.

ಪ್ರಶ್ನೆ: ಕೊನೆಯ ಡೈವ್ ಆದ ಎಷ್ಟು ಹೊತ್ತಿಗೆ ವಿಮಾನ ಹತ್ತಬಹುದು?

ಉತ್ತರ: ಒಂದೇ ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ, ದಿನಕ್ಕೆ ಹಲವು ಅಥವಾ ಸತತ ದಿನಗಳ ಡೈವ್ ಆಗಿದ್ದರೆ 18. ಡಿಕಂಪ್ರೆಷನ್ ನಿಲುಗಡೆ (ಮೈಯಲ್ಲಿ ಸೇರಿದ ನೈಟ್ರೋಜನ್ ಹೊರಹೋಗಲೆಂದು ಮೇಲೆ ಬರುವಾಗ ನಡುವೆ ತಂಗುವುದು) ಬೇಕಾದಂಥ ಡೈವ್ ಆಗಿದ್ದರೆ ಇನ್ನೂ ಜಾಸ್ತಿ. ಒಂದು ದ್ವೀಪದಿಂದ ಇನ್ನೊಂದಕ್ಕೆ ಹೋಗುವ ಚಿಕ್ಕ ವಿಮಾನಕ್ಕೂ ಇದೇ ಲೆಕ್ಕ, ಇದನ್ನು ತುಂಬಾ ಜನ ಮರೆಯುತ್ತಾರೆ. ನಾನಾದರೆ 24 ಗಂಟೆ ಬಿಡುತ್ತೇನೆ. ಸ್ಕೂಬಾ ಎಲ್ಲಾ ಮೊದಲೇ ಮುಗಿಸಿ, ವೇಲ್ ಶಾರ್ಕ್ ಸ್ನಾರ್ಕೆಲ್ ಅನ್ನು ಕೊನೆಯ ದಿನಕ್ಕಿಡಿ. ಉಸಿರು ಹಿಡಿದು ಆಳಕ್ಕೆ ಇಳಿಯದೆ ಮೇಲ್ಮೈಯಲ್ಲೇ ಇದ್ದರೆ ಮರುದಿನದ ವಿಮಾನಕ್ಕೆ ಅದರಿಂದ ಏನೂ ತೊಂದರೆ ಇಲ್ಲ.