ಗೊಬ್ಬರದ ಗುಂಡಿಯ ಗೊಣ್ಣೆಹುಳು ಏಕೆ ಕೊಳೆಯುವುದಿಲ್ಲ?

ಪ್ರಶ್ನೆ: ಗೊಬ್ಬರದ ಗುಂಡಿ ಕೆದಕಿದಾಗ ಹೆಬ್ಬೆರಳು ಗಾತ್ರದ ಬಿಳಿ ಗೊಣ್ಣೆಹುಳುಗಳು ಸಿಗುತ್ತವೆ. ಸುತ್ತಲಿನದೆಲ್ಲ ಕೊಳೆಯುತ್ತಿದ್ದರೂ ಅವು ಮಾತ್ರ ಗಟ್ಟಿಮುಟ್ಟಾಗಿರುತ್ತವೆ. ಕೀಟಗಳಿಗೆ ಪ್ರತಿಕಾಯಗಳೇ ಇಲ್ಲವೆಂದು ಓದಿದ್ದೇನೆ. ಹಾಗಾದರೆ ಅವುಗಳನ್ನು ಬ್ಯಾಕ್ಟೀರಿಯಾಗಳಿಂದ ಕಾಯುವುದು ಯಾವುದು? ಆ ಹುಳುವಿನ ರಸ ನಮ್ಮ ಗಾಯಕ್ಕೆ ಮದ್ದಾಗಬಹುದೇ?

ಉತ್ತರ: ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ, ಯಾರಾದರೂ ಪ್ರಯೋಗಕ್ಕೆ ಇಳಿಯುವ ಮುನ್ನ. ಬೇಡ. ಅರೆದ ಹುಳುವಿನಿಂದ ಗಾಯಕ್ಕೆ ಸೇರುವುದು ಅದರ ಕರುಳಿನ ತುಂಬ ಇರುವ ಗೊಬ್ಬರದ ಬ್ಯಾಕ್ಟೀರಿಯಾಗಳು. ನೀವು ಹುಡುಕುತ್ತಿರುವ ಮದ್ದು ಆರೋಗ್ಯವಂತ ಹುಳುವಿನ ರಕ್ತದಲ್ಲಿ ಇರುವುದೇ ಅತ್ಯಲ್ಪ. ಪ್ರಯೋಗಾಲಯದಲ್ಲಿ ಅದು ಬೇಕೆಂದರೆ ಬ್ಯಾಕ್ಟೀರಿಯಾದಲ್ಲಿ ಅದ್ದಿದ ಸೂಜಿಯಿಂದ ಹುಳುವನ್ನು ಚುಚ್ಚಿ, ಒಂದು ದಿನದಷ್ಟು ಕಾದು, ಆಮೇಲೆ ರಕ್ತ ತೆಗೆಯಬೇಕು.

ಹುಳುವಿನ ಮೊದಲ ಕಾವಲು ಅದರ ಚರ್ಮ. ಅದು ಸೀಳಿದರೆ ರಕ್ತಕಣಗಳು ಒಳಬಂದ ಬ್ಯಾಕ್ಟೀರಿಯಾಗಳನ್ನು ನುಂಗುತ್ತವೆ. ಗಾಯದ ಸುತ್ತ ಮೆಲನಿನ್ ಕಟ್ಟಿಕೊಂಡು ಕಪ್ಪಾಗುತ್ತದೆ. ಗೊಣ್ಣೆಹುಳುವಿನ ಮೈಮೇಲೆ ಕಾಣುವ ಕಪ್ಪು ಚುಕ್ಕೆಗಳಲ್ಲಿ ಹಲವು ಇಂಥ ಹಳೆಯ ಗಾಯಗಳ ಗುರುತು.

ಅಷ್ಟರಲ್ಲಿ ಇನ್ನೊಂದು ಕೆಲಸ ಶುರುವಾಗಿರುತ್ತದೆ. ಬ್ಯಾಕ್ಟೀರಿಯಾದ ಕೋಶಭಿತ್ತಿಯಲ್ಲಿರುವ ಪೆಪ್ಟಿಡೋಗ್ಲೈಕಾನ್ ಎಂಬ ವಸ್ತು ಕೀಟದ ದೇಹದಲ್ಲಿ ಎಲ್ಲಿಯೂ ಇಲ್ಲ. ರಕ್ತದಲ್ಲಿ ತೇಲುವ ಕೆಲವು ಪ್ರೋಟೀನುಗಳು ಅದನ್ನು ಗುರುತು ಹಿಡಿದೊಡನೆ ಒಂದು ಕಿಣ್ವ ಮತ್ತೊಂದನ್ನು ಎಬ್ಬಿಸುತ್ತ ಹೋಗಿ, ಸುದ್ದಿ ಕೊಬ್ಬಿನ ಅಂಗಕ್ಕೆ ಮುಟ್ಟುತ್ತದೆ. ಹೆಸರು ಕೊಬ್ಬಿನದಾದರೂ ಅದು ನಮ್ಮ ಯಕೃತ್ತಿನಂತೆ ದುಡಿಯುವ ಅಂಗ. ಪೆಪ್ಟೈಡುಗಳು, ಎಂದರೆ ಪುಟ್ಟ ಪ್ರೋಟೀನು ತುಣುಕುಗಳು, ಕೆಲವೇ ಗಂಟೆಗಳಲ್ಲಿ ಅಲ್ಲಿಂದ ರಕ್ತಕ್ಕೆ ಹರಿಯತೊಡಗುತ್ತವೆ.

ಗೊಣ್ಣೆಹುಳು ದುಂಬಿಯ ಮರಿ. ದುಂಬಿಗಳಲ್ಲಿ ಈ ಪೆಪ್ಟೈಡುಗಳ ದೊಡ್ಡ ಮನೆತನಗಳು ಎರಡು. ಡಿಫೆನ್ಸಿನ್‌ಗಳು ಹೆಚ್ಚಾಗಿ ಗ್ರಾಂ ಧನ ಬ್ಯಾಕ್ಟೀರಿಯಾಗಳನ್ನು, ಎಂದರೆ ಗ್ರಾಂ ಎಂಬ ಬಣ್ಣದ ಪರೀಕ್ಷೆಯಲ್ಲಿ ಬಣ್ಣ ಹಿಡಿದಿಡುವವನ್ನು, ಹೊಡೆಯುತ್ತವೆ. ಹಿಟ್ಟಿನ ಹುಳು ಟೆನೆಬ್ರಿಯೋದ ಟೆನೆಸಿನ್-1 ಈ ಮನೆತನದ್ದು. 43 ಅಮೈನೋ ಆಮ್ಲಗಳ ಸರಪಳಿಯನ್ನು ಮೂರು ಗಂಧಕ ಸೇತುವೆಗಳು ಬಿಗಿದು ಕಟ್ಟಿರುತ್ತವೆ. ಕೋಲಿಯಾಪ್ಟೆರಿಸಿನ್‌ಗಳು ಗ್ರಾಂ ಋಣ, ಎಂದರೆ ಆ ಬಣ್ಣ ಹಿಡಿದಿಡದ ಬ್ಯಾಕ್ಟೀರಿಯಾಗಳ ವೈರಿಗಳು. ಮೊದಲನೆಯದು ಸಿಕ್ಕಿದ್ದು 1991ರಲ್ಲಿ, ಜೋಫೋಬಾಸ್ ದುಂಬಿಯ ಮರಿಹುಳುವಿನಲ್ಲಿ, 74 ಅಮೈನೋ ಆಮ್ಲಗಳ ಉದ್ದದ್ದು. ನಿಮ್ಮ ಗುಂಡಿಯಲ್ಲಿದ್ದದ್ದು ತೆಂಗಿನ ಕುರುವಾಯಿ ದುಂಬಿಯ ಮರಿಯಾಗಿದ್ದರೆ, ಅದರ ಬಳಿ ಶಿಲೀಂಧ್ರಗಳಿಗೆಂದೇ ಸ್ಕ್ಯಾರಬೀಸಿನ್ ಎಂಬ ಪೆಪ್ಟೈಡು ಕೂಡ ಇದೆ. ಹಾಗಿದ್ದೂ ಮೆಟರೈಜಿಯಂ ಎಂಬ ಹಸಿರು ಬೂಷ್ಟು ಚರ್ಮವನ್ನೇ ಕೊರೆದು ಒಳನುಗ್ಗಿ ಅದನ್ನು ಕೊಲ್ಲುತ್ತದೆ.

ಇಂಥ ಪೆಪ್ಟೈಡುಗಳಲ್ಲಿ ಹೆಚ್ಚಿನವು ಧನ ವಿದ್ಯುದಂಶ ಹೊತ್ತಿರುತ್ತವೆ. ಎರಡೂ ಬಗೆಯ ಬ್ಯಾಕ್ಟೀರಿಯಾಗಳ ಹೊರಮೈಯ ವಿದ್ಯುದಂಶ ಋಣ. ಹಾಗಾಗಿ ಎಳೆತ ತಾನಾಗಿಯೇ ಉಂಟಾಗುತ್ತದೆ. ಅಂಟಿಕೊಂಡ ಮೇಲೆ ಹಲವು ಪೆಪ್ಟೈಡುಗಳು ಪೊರೆಯಲ್ಲಿ ಕಿಂಡಿ ತೆರೆಯುತ್ತವೆ, ಒಳಗಿನ ಲವಣಗಳು ಸೋರಿಹೋಗುತ್ತವೆ. ಪ್ರಾಣಿಕೋಶಗಳ ಹೊರಪೊರೆ ಬಹುಮಟ್ಟಿಗೆ ತಟಸ್ಥವಾದ್ದರಿಂದ ಅವು ಬಚಾವು.

ಇದೆಲ್ಲ ಓದಿದರೆ ಹುಳುವನ್ನು ಉಳಿಸುವ ವೀರರು ಪೆಪ್ಟೈಡುಗಳೇ ಅನ್ನಿಸುತ್ತದೆ. ನನಗೂ ಬಹುಕಾಲ ಹಾಗೆಯೇ ಅನ್ನಿಸಿತ್ತು. ಆದರೆ 2008ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಟೆನೆಬ್ರಿಯೋಗೆ ಸ್ಟ್ಯಾಫಿಲೋಕಾಕಸ್ ಚುಚ್ಚಿ ನೋಡಿದಾಗ, ರಕ್ತದಲ್ಲಿ ಪೆಪ್ಟೈಡುಗಳ ಸುಳಿವು ಕಾಣುವ ಮೊದಲೇ ಬಹುಪಾಲು ಬ್ಯಾಕ್ಟೀರಿಯಾಗಳು ಸತ್ತಿದ್ದವು. ರಕ್ತಕಣಗಳು, ಕಿಣ್ವಗಳು ಮೊದಲ ಗಂಟೆಯೊಳಗೇ ಕೆಲಸ ಮುಗಿಸಿದ್ದವು. ಹಾಗಾದರೆ ತಡವಾಗಿ ಬರುವ ಪೆಪ್ಟೈಡುಗಳು ಯಾಕೆ? ಮೊದಲ ದಾಳಿಯಲ್ಲಿ ತಪ್ಪಿಸಿಕೊಂಡವುಗಳನ್ನು ಬಳಿದು ತೆಗೆಯಲು. ಈ ಬ್ಯಾಕ್ಟೀರಿಯಾ ನಿರೋಧಕ ಗುಣ ಎರಡು ವಾರಕ್ಕೂ ಹೆಚ್ಚು ಕಾಲ ರಕ್ತದಲ್ಲಿ ಉಳಿಯಬಲ್ಲದು. ನನ್ನ ಮಟ್ಟಿಗೆ ಅವು ಸೈನಿಕರಿಗಿಂತ ಹೆಚ್ಚಾಗಿ ರಾತ್ರಿ ಗಸ್ತಿನವರು.

ಪ್ರಶ್ನೆ: ಬ್ಯಾಕ್ಟೀರಿಯಾಗಳು ಈ ಪೆಪ್ಟೈಡುಗಳಿಗೆ ಒಗ್ಗಿಕೊಳ್ಳುವುದಿಲ್ಲವೇ?

ಉತ್ತರ: ಒಗ್ಗಿಕೊಳ್ಳುತ್ತವೆ. ಕೀಟಗಳನ್ನು ಕೊಲ್ಲುವ ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಇಂಥ ಪೆಪ್ಟೈಡುಗಳನ್ನು ಕತ್ತರಿಸಿ ಹಾಕುವ ಕಿಣ್ವವನ್ನೇ ಸ್ರವಿಸುತ್ತದೆ. ಇನ್ನು ಕೆಲವು ತಮ್ಮ ಹೊರಮೈಯ ಋಣ ವಿದ್ಯುದಂಶವನ್ನು ತಗ್ಗಿಸಿಕೊಂಡು ಎಳೆತದಿಂದ ಪಾರಾಗುತ್ತವೆ. ಹುಳು ಒಂದೇ ಪೆಪ್ಟೈಡನ್ನು ನೆಚ್ಚದೆ ಹಲವನ್ನು ಒಟ್ಟಿಗೆ ಬಿಡುವುದರಿಂದ ಒಗ್ಗುವ ದಾರಿ ಕಠಿಣವಾಗುತ್ತದೆ, ಅಷ್ಟೆ. ಔಷಧಿಯಾಗಿಸುವಾಗ ಅಡ್ಡಿಗಳು ಬೇರೆ: ನಮ್ಮ ರಕ್ತದ ಕಿಣ್ವಗಳು ಇವನ್ನು ಬೇಗ ಒಡೆಯುತ್ತವೆ, ತಯಾರಿಕೆಯ ವೆಚ್ಚವೂ ಹೆಚ್ಚು.

ಎಲ್ಲ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುವುದು ಹುಳುವಿಗೆ ಬೇಕಾಗಿಯೂ ಇಲ್ಲ. ಧಾನ್ಯದ ಮೂತಿಹುಳು ಸಿಟೋಫಿಲಸ್ ತನಗೆ ಪೋಷಕಾಂಶ ಒದಗಿಸುವ ಬ್ಯಾಕ್ಟೀರಿಯಾವನ್ನು ವಿಶೇಷ ಕೋಶಗಳೊಳಗೆ ಸಾಕುತ್ತದೆ. ಅಲ್ಲಿ ಕೋಲಿಯಾಪ್ಟೆರಿಸಿನ್-ಎ ಅವುಗಳನ್ನು ಕೊಲ್ಲದೆ, ವಿಭಜನೆಯನ್ನು ಮಾತ್ರ ತಡೆಯುತ್ತದೆ. ಬ್ಯಾಕ್ಟೀರಿಯಾಗಳು ಸೀಳಲಾರದೆ ಉದ್ದುದ್ದ ಬೆಳೆಯುತ್ತವೆ. 2011ರಲ್ಲಿ ವಿಜ್ಞಾನಿಗಳು ಆ ಪೆಪ್ಟೈಡಿನ ವಂಶವಾಹಿಯನ್ನು ಅಡಗಿಸಿ ನೋಡಿದರು: ಸಾಕಿದ ಬ್ಯಾಕ್ಟೀರಿಯಾಗಳು ಕೋಶ ದಾಟಿ ಮರಿಹುಳುವಿನ ಇತರ ಅಂಗಾಂಶಗಳಿಗೆ ಹಬ್ಬಿದ್ದವು.